ಘಾಟು ಬಂತೇನು?

ನಮ್ಮ ಮನೆಯವರಿಗೆ ಸೀನು ಯಾವಾಗಲೂ ಒಂಟಿಯಾಗಿಯೇ ಬರುತ್ತದೆ. ಉಳಿದವರೆಲ್ಲ ಎರಡೋ ಮೂರೋ ಸೀನಿ, ಮೂಗು ಒರೆಸಿಕೊಂಡು ತಮ್ಮ ಕೆಲಸಕ್ಕೆ ಹೋಗುತ್ತಾರೆ. ಇವರು ಒಂದು ಸೀನಿ, ಇನ್ನೊಂದು ಬಂದೀತೆಂದು ಬಾಯಿ ಅರ್ಧ ತೆರೆದು, ಕಣ್ಣು ಕಿರಿದು ಮಾಡಿ, ಸೂರು ನೋಡುತ್ತ ನಿಲ್ಲುತ್ತಾರೆ. ಇನ್ನೊಂದು ಬರುವುದಿಲ್ಲ. ಮದುವೆಯಾದ ಲಾಗಾಯ್ತಿನಿಂದ ನಾನು ಆ ಎರಡನೆಯ ಸೀನಿನ ದಾರಿ ಕಾಯುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಧಾರವಾಡದ ಈ ಮನೆಯಲ್ಲಿ ಮಸಾಲೆ ಖಾರಕ್ಕೆಂದು ಮೆಣಸಿನಕಾಯಿ ಹುರಿಯುತ್ತಿದ್ದೆ. ಉರಿ ಒಂದಿಷ್ಟು ಹೆಚ್ಚಾಯಿತು, ತಳದ ಕಾಯಿಗಳು ಕಪ್ಪಾದವು. ನನಗೇನೂ ಅನ್ನಿಸಲಿಲ್ಲ. ಹೊರಗೆ ಕೂತು ಪೇಪರು ಓದುತ್ತಿದ್ದ ಇವರು ಸೀನಿದರು. ಒಂದೇ. ಸ್ವಲ್ಪ ಹೊತ್ತು ಕಾದು, ಪೇಪರು ಮಡಚುತ್ತ ಅಲ್ಲಿಂದಲೇ ಕೂಗಿದರು:

"ಈ ಶೀನಿಂದನ ನಿನ್ನ ಮಗಳು ಉಳದಾಳ. ನೆನಪೈತಿಲ್ಲೋ?"

"ನನ್ನ ಮಗಳೇನು? ನಿಮ್ಮ ಮಗಳಲ್ಲೇನು?"

"ಉಳಿಸೂ ಮುಂದ ನನ್ನ ಮಗಳು. ಹಟಾ ಮಾಡೂ ಮುಂದ ನಿನ್ನ ಮಗಳು."

ಇದನ್ನು ಇವರು ಒಂದು ಥರ ಹೇಳುತ್ತಾರೆ. ಇವರ ಕಥೆಯಲ್ಲಿ ಒಬ್ಬ ತರುಣ ಮಾಸ್ತರ ಬಸ್ಸಿಳಿದು ಬಂದು, ಹೊಗೆ ತುಂಬಿದ ಖೋಲಿಯ ಮುಂದೆ ನಿಂತು, ಶುದ್ಧ ಗಾಳಿಯ ಬಗ್ಗೆ ನಾಲ್ಕು ಸ್ಪಷ್ಟ ಮಾತಾಡಿ, ಒಂದು ಜೀವ ಉಳಿಸುತ್ತಾನೆ. ನನ್ನ ಕಥೆಯಲ್ಲಿ ಆ ಮಾಸ್ತರ ಬರೀ ಸೀನುತ್ತಾನೆ, ಕೇಳಿದವರೆಲ್ಲ ನಗುತ್ತಾರೆ. ಮದುವೆ ಮನೆಗಳಲ್ಲಿ, ಸೀಮಂತಗಳಲ್ಲಿ ಹೇಳಿ ಹೇಳಿ ನನ್ನದು ಹಳೆಯ ಒರಳಿನ ಹಾಗೆ ನುಣುಪಾಗಿಬಿಟ್ಟಿದೆ. ಅಷ್ಟು ನುಣುಪಾದದ್ದನ್ನು ಕಂಡರೆ ಈಗೀಗ ನನಗೇ ಸಂಶಯ. ಇವತ್ತು ಒಂದು ಸಲ ಒರಟಾಗಿ ಹೇಳಿ ನೋಡುತ್ತೇನೆ. ನೀವೂ ಜೊತೆಗಿರಿ. ಎಲ್ಲಿಯಾದರೂ ನಾನು ಚೆಂದ ಮಾಡಲು ಹೊರಟೆನೆನಿಸಿದರೆ ಸಣ್ಣಗೆ ಕೆಮ್ಮಿದರೆ ಸಾಕು.

ಶಲವಡಿಯ ನನ್ನ ತವರುಮನೆ ಮಾಳಿಗೆಮನೆ. ಎರೆನೆಲದ ಆ ಕಡೆ ಆಗ ಹಂಚಿನ ಮನೆಗಳು ಕಡಿಮೆ. ಮೊಳದಗಲದ ಮಣ್ಣಿನ ಗೋಡೆ, ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣು. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಒಳಗಿನ ಖೋಲಿಗಳಿಗೆ ಕಿಟಕಿ ಎಂಬುದಿಲ್ಲ. ಇದ್ದದ್ದು ಬೆಳಕಿಂಡಿ. ಮಾಳಿಗೆಯಲ್ಲಿ ತಾಟಿನಷ್ಟು ಅಗಲದ ಒಂದು ತೂತು. ಬೆಳಕು ಅಲ್ಲಿಂದ ಒಳಗೆ ಬರಬೇಕು, ಹೊಗೆ ಅಲ್ಲಿಂದ ಹೊರಗೆ ಹೋಗಬೇಕು. ಮಳೆ ಬಂದರೆ ಯಾರಾದರೂ ಓಡಿಹೋಗಿ ಮೇಲೊಂದು ಗಡಿಗೆ ಬೋರಲು ಹಾಕುತ್ತಿದ್ದರು. ಆ ಬೆಳಕಿಂಡಿಯೇ ಮನೆಯ ಮೂಗು ಎಂದು ಬರೆಯಲು ಹೊರಟಿದ್ದೆ. ಬೇಡ. ಮನೆಗೆ ಮೂಗಿರುವುದಿಲ್ಲ. ಮೂಗಿದ್ದದ್ದು ನಮಗೆ, ತೊಂದರೆಯಾದದ್ದೂ ಅದರಿಂದಲೇ.

ನಮ್ಮ ಮನೆಯ ಮೂಗುಗಳ ಬಗ್ಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮದು ಮೆಣಸಿನಕಾಯಿ ಬೆಳೆಯುವ ಮನೆ. ಚಳಿ ಶುರುವಾದರೆ ಮಾಳಿಗೆಯ ಮೇಲೆಲ್ಲ ಕೆಂಪು. ಒಣಗಿದ್ದನ್ನು ಚೀಲಕ್ಕೆ ತುಂಬಿ ಅಡುಗೆಮನೆಯಿಂದ ಎರಡನೆಯ ಖೋಲಿಯಲ್ಲಿ ತೊಲೆ ಮುಟ್ಟುವ ಹಾಗೆ ಒಟ್ಟುತ್ತಿದ್ದರು. ಹೊಸದಾಗಿ ಮನೆಗೆ ಬಂದ ಸೊಸೆಯಂದಿರು ಮೊದಲ ಸುಗ್ಗಿಯಲ್ಲಿ ಅತ್ತು ಅತ್ತು ಕಣ್ಣು ಕೆಂಪು ಮಾಡಿಕೊಳ್ಳುತ್ತಿದ್ದರು. ಗಂಡನ ಮನೆಯ ಕಾಟವೆಂದು ತವರಿನವರು ಗಾಬರಿಯಾದದ್ದೂ ಉಂಟು. ಎರಡನೆಯ ಸುಗ್ಗಿಯ ಹೊತ್ತಿಗೆ ಅವರ ಮೂಗು ಪಳಗುತ್ತಿತ್ತು. ಪಳಗಿತು ಎನ್ನುವುದನ್ನು ನಾವು ಹೆಮ್ಮೆಯಿಂದ ಹೇಳುತ್ತಿದ್ದೆವು. "ನಮ್ಮ ಮನಿ ಹೆಣಮಕ್ಕಳಿಗೆ ಘಾಟು ಹತ್ತೂದಿಲ್ಲ" ಎಂಬುದು ಅವ್ವ ಊರವರೆದುರು ಆಡುತ್ತಿದ್ದ ದೊಡ್ಡ ಮಾತು.

ಎಪ್ಪತ್ತರ ದಶಕದ ಮೊದಲ ಭಾಗ. ನನ್ನ ಚೊಚ್ಚಲ ಹೆರಿಗೆ. ಎಳ್ಳಮಾಸಿ ಮುಗಿದು ಚಳಿ ಬಿಗಿಯಾಗಿದ್ದ ದಿನಗಳಲ್ಲಿ ಮಗಳು ಹುಟ್ಟಿದಳು. ನನಗೂ ಕೂಸಿಗೂ ಸಿಕ್ಕದ್ದು, ಒಂದು ಗೋಡೆಗೆ ಅಡುಗೆಮನೆ, ಇನ್ನೊಂದು ಗೋಡೆಗೆ ಮೆಣಸಿನಕಾಯಿ ಇದ್ದ ನಡುವಿನ ಖೋಲಿ. ಮನೆಯಲ್ಲಿ ಎಲ್ಲಕ್ಕಿಂತ ಬೆಚ್ಚಗಿನ ಜಾಗ ಅದೇ. ಆ ಮನೆಯ ಬಾಣಂತಿಯರೆಲ್ಲ ಅಲ್ಲಿಯೇ ಮಲಗಿದವರು. ನಮ್ಮಪ್ಪ ಹುಟ್ಟಿದ್ದೂ ಅಲ್ಲಿಯೇ, ನಾನು ಹುಟ್ಟಿದ್ದೂ ಅಲ್ಲಿಯೇ.

ಖೋಲಿಯ ಒಡೆತನ ಅಮ್ಮನದು. ನಮ್ಮ ಮನೆಯಲ್ಲಿ ತಾಯಿಗೆ ಅವ್ವ, ಅಜ್ಜಿಗೆ ಅಮ್ಮ. ಈ ಅಮ್ಮ ನನ್ನಪ್ಪನ ತಾಯಿ. ಸಣ್ಣ ಆಳು. ಕೈ ಮಾತ್ರ ದೊಡ್ಡವು, ಅವುಗಳಲ್ಲಿ ಕೂಸನ್ನು ಹಿಡಿದರೆ ಕೂಸು ಕಾಣಿಸುತ್ತಲೇ ಇರಲಿಲ್ಲ. ಆಕೆಗೊಂದು ಕೆಮ್ಮಿತ್ತು. ಕಾಲಸಪ್ಪಳದ ಹಾಗೆ ಅದು ಆಕೆಯ ಜೊತೆಗೇ ಓಡಾಡುತ್ತಿತ್ತು. ಆಕೆ ಮನೆಯಲ್ಲಿ ಎಲ್ಲಿದ್ದಾಳೆಂದು ನಾವು ಕೆಮ್ಮು ಕೇಳಿಯೇ ತಿಳಿಯುತ್ತಿದ್ದೆವು. ಅದನ್ನು ಕಾಯಿಲೆ ಎಂದು ಯಾರೂ ಎಣಿಸಿರಲಿಲ್ಲ.

ಆಕೆಯ ಮೊದಲ ಕೆಲಸ ಬೆಳಕಿಂಡಿಯ ಮೇಲೆ ಗಡಿಗೆ ಬೋರಲು ಹಾಕಿಸಿ, ಒಳಗಿನಿಂದ ಗೋಣಿತಟ್ಟು ತುರುಕಿಸಿದ್ದು. ಎರಡನೆಯ ಕೆಲಸ ನಾನು ಮಲಗುತ್ತಿದ್ದ ಹೊರಸಿನ ಕೆಳಗೆ ಅಗ್ಗಿಷ್ಟಿಕೆ ಇಟ್ಟದ್ದು. ಅದರಲ್ಲಿ ಕುಳ್ಳಿನ ಕೆಂಡ ಆರಬಾರದು. ಬೆಳಿಗ್ಗೆ ಕೂಸಿಗೆ ಎರೆದ ಮೇಲೆ ಕೆಂಡಕ್ಕೆ ಅಜಿವಾನ, ಬೆಳ್ಳುಳ್ಳಿ ಸಿಪ್ಪೆ, ಲೋಬಾನ ಹಾಕಿ, ಏಳುವ ಹೊಗೆಯ ಮೇಲೆ ಕೂಸನ್ನು ಬೋರಲು ಹಿಡಿದು, ಆ ಕಡೆ ಈ ಕಡೆ ಹೊರಳಿಸಿ ಹೊಗೆ ಕೊಡುತ್ತಿದ್ದಳು. ಸಂಜೆ ಗೂಡಿನಲ್ಲಿ ಚಿಮಣಿ ದೀಪ ಹಚ್ಚಿದರೆ ಮುಗಿಯಿತು, ಅದರ ಕರಿ ಹೊಗೆಗೆ ಹೋಗಲು ದಾರಿಯೇ ಇಲ್ಲ. ಪಕ್ಕದ ಅಡುಗೆಮನೆಯಲ್ಲಿ ಹಸಿ ಹತ್ತಿಕಟ್ಟಿಗೆ ಉರಿಯುತ್ತಿತ್ತು. ಆ ಹೊಗೆಯೂ ಗಾಳಿಯಿಲ್ಲದ ಕಡೆ ಬೆಚ್ಚಗಿರಲೆಂದು ನಮ್ಮ ಖೋಲಿಗೇ ಬರುತ್ತಿತ್ತು.

ನಾನು ಒಂದು ಸಲ ಕೇಳಿದ್ದೆ. ಕೇಳಿದ್ದೆ ಎಂದು ನೆನಪು.

"ಅಮ್ಮಾ, ಇಷ್ಟು ಹೊಗಿ ಕೂಸಿಗೆ ತಡೀತೈತೇನ?"

ಆಕೆ ಮೇಲೆ ತೋರಿಸಿದಳು. ಅಲ್ಲಿ ನೂರು ವರ್ಷದ ಹೊಗೆ ಕುಡಿದು ಇದ್ದಿಲಿನ ಹಾಗೆ ಹೊಳೆಯುತ್ತಿದ್ದ ತೊಲೆ.

"ಆ ತೊಲಿ ನೋಡು. ಅದಕ್ಕ ಹುಳ ಹತ್ತೇತೇನು? ಪಡಸಾಲ್ಯಾಗಿನ ತೊಲಿ ಎಲ್ಲಾ ತೂತು ತೂತು. ಯಾಕ? ಅದಕ್ಕ ಹೊಗಿ ಇಲ್ಲ. ಹೊಗಿ ಉಂಡದ್ದು ಗಟ್ಟಿ ಉಳೀತೈತವ್ವಾ. ಎರಡು ಅಕ್ಷರ ಕಲತವರಿಗೆ ಇದು ತಿಳಿಯೂದಿಲ್ಲ."

ಈಗಲೂ ಆ ವಾದ ನನಗೆ ಇಷ್ಟವೇ. ಕಣ್ಣೆದುರು ಕಂಡದ್ದನ್ನು ಹಿಡಿದು ಆಡಿದ ಮಾತು ಅದು. ಕೂಸು ಮತ್ತು ತೊಲೆ ಬೇರೆ ಬೇರೆ ಎಂಬುದೊಂದನ್ನು ಬಿಟ್ಟರೆ ಅದರಲ್ಲಿ ತಪ್ಪಿಲ್ಲ.

ಅದೂ ಅಲ್ಲದೆ ಆಕೆ ಮುಚ್ಚುತ್ತಿದ್ದದ್ದು ಬೆಳಕಿಂಡಿಯನ್ನಷ್ಟೇ ಅಲ್ಲ. ಅಮ್ಮ ಹಡೆದವರಲ್ಲಿ ಉಳಿದವರು ನಮ್ಮಪ್ಪ ಒಬ್ಬರೇ. ಬೇರೆ ಕೂಸುಗಳೆಲ್ಲ ಚಳಿಗಾಲದಲ್ಲಿ, ಎದೆ ಕಟ್ಟಿ, ಹೆಸರಿಡುವ ಮೊದಲೇ ಹೋದವು. ಥಂಡಿ ಒಯ್ದಿತು ಎನ್ನುತ್ತಿದ್ದಳು, ಥಂಡಿ ಎಂಬುದು ಬಾಗಿಲು ತೆರೆದಿಟ್ಟರೆ ನುಗ್ಗುವ ಕಳ್ಳನೇನೋ ಎಂಬಂತೆ. ಹೀಗಾಗಿ ಆಕೆ ಗೋಣಿತಟ್ಟನ್ನು ದಿನವೂ ಕೋಲಿನಿಂದ ಒತ್ತಿ ನೋಡುತ್ತಿದ್ದಳು. ಅದನ್ನು ಮೂಢತನ ಎಂದು ಬರೆದು ಮುಂದೆ ಹೋಗಲು ನನಗೆ ಆಗುವುದಿಲ್ಲ.

ಕೂಸು ಕೆಮ್ಮತೊಡಗಿತು. ಬೆಕ್ಕಿನ ಮರಿ ಸೀನಿದಷ್ಟು ಸಣ್ಣ ಕೆಮ್ಮು. ಸೆರಗಿನ ತುದಿ ಒದ್ದೆ ಮಾಡಿ ಅದರ ಮೂಗು ಒರೆಸಿದರೆ ಕಪ್ಪು ಬಂತು. ಅಮ್ಮ ಕಾಡಿಗೆ ಹಚ್ಚುವಾಗ ಕೈ ತಾಗಿರಬೇಕು ಎಂದುಕೊಂಡೆ. ಮರುದಿನವೂ ಕಪ್ಪು. ಆಮೇಲೆ ಹಾಲು ಕುಡಿಯುವುದು ಕಡಿಮೆಯಾಯಿತು. ಎರಡು ಸಲ ಎಳೆದು ಬಿಟ್ಟುಬಿಡುವುದು, ದಣಿದವರ ಹಾಗೆ ಬಾಯಿ ತೆರೆದು ಮಲಗುವುದು. ಬಟ್ಟೆ ಬಿಚ್ಚಿದಾಗ ನೋಡಿದೆ. ಉಸಿರು ಎಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಒಂದು ಗುಣಿ ಬೀಳುತ್ತಿತ್ತು.

"ಅಮ್ಮಾ, ಇಲ್ಲಿ ನೋಡು."

ಅಮ್ಮ ನೋಡಿದಳು. ಆಕೆ ಅದನ್ನು ಹಿಂದೆಯೂ, ತನ್ನ ಕೂಸುಗಳಲ್ಲಿ, ನೋಡಿದ್ದಳು. ಮುಖದಲ್ಲಿ ಏನೋ ಇಳಿದುಹೋಯಿತು. "ನೆದರು ಆಗೇತಿ" ಎಂದಳು.

ನೆದರೆಂದರೆ ಕೆಟ್ಟ ಕಣ್ಣು. ಅದನ್ನು ತೆಗೆಯುವ ರೀತಿ ನೀವೂ ಕಂಡಿರಬಹುದು. ಒಣಮೆಣಸಿನಕಾಯಿ, ಹರಳುಪ್ಪು, ಕಸಬರಿಗೆಯ ಕಡ್ಡಿ ಮುಷ್ಟಿಯಲ್ಲಿ ಹಿಡಿದು ಕೂಸಿನ ನೆತ್ತಿಯಿಂದ ಕಾಲತನಕ ಇಳಿಸಿ, "ಬಂದವರ ಕಣ್ಣು, ಹೋದವರ ಕಣ್ಣು, ಹೊಟ್ಟಿ ಉರಕೊಂಡವರ ಕಣ್ಣು" ಎಂದು ಗೊಣಗಿ, ಥೂ ಎಂದು ಉಗುಳಿ, ಕೆಂಡಕ್ಕೆ ಹಾಕುವುದು. ಆಮೇಲೆ ಎಲ್ಲರೂ ಮೂಗೆಳೆದು ನೋಡಬೇಕು. ಘಾಟು ಹೊಡೆದು ಕೆಮ್ಮು ಬಂದರೆ ನೆದರು ಆಗಿಲ್ಲ. ಘಾಟೇ ಬರದಿದ್ದರೆ ಆಗಿದೆ. ಕೆಟ್ಟ ಕಣ್ಣು ಘಾಟನ್ನು ನುಂಗಿಬಿಟ್ಟಿದೆ ಎಂದು ಲೆಕ್ಕ.

ಅಮ್ಮ ಕೆಂಡಕ್ಕೆ ಹಾಕಿ ಕೇಳಿದಳು. "ಘಾಟು ಬಂತೇನು?"

ಅವ್ವ ಮೂಗೆಳೆದಳು. "ಇಲ್ರಿ ಅತ್ತಿ."

ನಾನೂ ಎಳೆದೆ. ಇಲ್ಲ.

ಹೇಗೆ ಬಂದೀತು? ಕೆಮ್ಮು ಮೊದಲೇ ಇತ್ತು, ಕಣ್ಣಲ್ಲಿ ನೀರು ಮೊದಲೇ ಇತ್ತು, ಗೋಡೆಯಾಚೆ ಮೆಣಸಿನಕಾಯಿಯ ಚೀಲಗಳು ಮೊದಲೇ ಇದ್ದವು. ಹೊಸದಾಗಿ ಬರಲು ಘಾಟಿಗೆ ಜಾಗವೇ ಇರಲಿಲ್ಲ. ಪಳಗಿದ ಮೂರು ಮೂಗುಗಳನ್ನು ಸಾಕ್ಷಿಗೆ ಕೂರಿಸಿಕೊಂಡು ಅಮ್ಮ ತೀರ್ಮಾನ ಕೊಟ್ಟಳು. "ಅಗದಿ ಕಡು ನೆದರು. ನಾ ಹೇಳಿದ್ನಿಲ್ಲೋ? ಆ ಹಿಂದಿನ ಓಣ್ಯಾಕಿ ಬಂದು ಬೆಣ್ಣಿ ಮುದ್ದಿ ಹಂಗ ಐತಿ ಅಂದಾಗಲೇ ನನ್ನ ಎದಿ ಝಲ್ ಅಂದಿತ್ತು."

ಕಡು ನೆದರಿಗೆ ಮರುದಿನ ಮತ್ತೆ ತೆಗೆಯಬೇಕು. ಮತ್ತೆ ಘಾಟಿಲ್ಲ. ಮೊದಲು ನಾಲ್ಕು ಕಾಯಿ ಇದ್ದದ್ದು ಹಿಡಿಯಾಯಿತು, ಹಿಡಿ ಇದ್ದದ್ದು ಬೊಗಸೆಯಾಯಿತು. ಮೆಣಸಿನಕಾಯಿಗೆ ನಮ್ಮಲ್ಲಿ ಬರಗಾಲವೇ? ಕೂಸು ಹೆಚ್ಚು ಕೆಮ್ಮಿದಷ್ಟೂ ನೆದರು ಗಟ್ಟಿಯಾಗಿದೆಯೆಂದು ಹೆಚ್ಚು ಸುಡುವುದು, ಹೆಚ್ಚು ಸುಟ್ಟಷ್ಟೂ ಕೂಸು ಕೆಮ್ಮುವುದು. ಯಾರ ಕಣ್ಣೆಂದು ಹುಡುಕುವುದೂ ಜೊತೆಗೇ ನಡೆದಿತ್ತು. ಹಿಂದಿನ ಓಣಿಯಾಕೆ ಆಯಿತು, ಬಳೆಗಾರಳು ಆಯಿತು. ಕೊನೆಗೆ ಅಮ್ಮ ನನ್ನ ಮೇಲೆಯೇ ಬಂದಳು. "ನೀ ಹಗಲೆಲ್ಲಾ ಕೂಸಿನ ಮಾರಿ ನೋಡಕೋತ ಕುಂದರಬ್ಯಾಡ. ಹಡದವ್ವನ ಕಣ್ಣೂ ಹತ್ತತಾವ." ನಾನು ಗೋಡೆಯ ಕಡೆ ತಿರುಗಿ ಮಲಗಿ ಬೆನ್ನ ಹಿಂದೆ ಕೂಸಿನ ಉಸಿರು ಕೇಳುತ್ತಿದ್ದೆ. ನೋಡುವುದಕ್ಕಿಂತ ಕೇಳುವುದು ಕಷ್ಟ. ಒಂದು ಉಸಿರು ಮುಗಿದು ಇನ್ನೊಂದು ಶುರುವಾಗುವ ತನಕ ನನ್ನದು ನಿಂತಿರುತ್ತಿತ್ತು.

ಇಂಥದರಲ್ಲಿ ಇವರು ಬಂದರು.

ಆಗ ಇವರು ಮಿಶ್ರಿಕೋಟಿಯ ಕಡೆ ಸಾಲಿ ಮಾಸ್ತರರು. ಅಲ್ಲಿ ಮಳೆ ಜಾಸ್ತಿ, ಮನೆಗಳಿಗೆಲ್ಲ ಹಂಚು. ಹಂಚಿನ ಸಂದಿಯಿಂದ ಹೊಗೆ ತನ್ನಷ್ಟಕ್ಕೆ ತಾನು ಹೊರಗೆ ಹೋಗುತ್ತದೆ. ಇವರ ಮೂಗು ಹಾಗಾಗಿ ಅಭ್ಯಾಸವಿಲ್ಲದ, ಎಳೆಯ ಮೂಗು. ರವಿವಾರ ಬಸ್ಸು ಬದಲಿಸಿ ಬದಲಿಸಿ, ಕೈಯಲ್ಲಿ ಪೇಡೆಯ ಪೊಟ್ಟಣ ಹಿಡಿದು, ಮಧ್ಯಾಹ್ನದ ಹೊತ್ತಿಗೆ ಬಂದಿಳಿದರು. ಬಾಣಂತಿ ಖೋಲಿಗೆ ಗಂಡಸರು ಬರುವಂತಿಲ್ಲ, ಹೊಸ್ತಿಲ ಹೊರಗೆ ನಿಂತು ಮುಖ ನೋಡಿ ಹೋಗಬೇಕು. ಇವರು ಬಂದು ನಿಂತ ಹೊತ್ತಿಗೆ ಸರಿಯಾಗಿ ಅಮ್ಮ ಬೊಗಸೆ ಮೆಣಸಿನಕಾಯಿ ಕೆಂಡಕ್ಕೆ ಸುರಿದು, "ಘಾಟು ಬಂತೇನು?" ಎಂದು ನಮ್ಮ ಮುಖ ನೋಡುತ್ತಿದ್ದಳು.

ನಾವು ಇಲ್ಲವೆಂದು ತಲೆಯಾಡಿಸುತ್ತಿದ್ದೆವು. ಹೊಸ್ತಿಲಲ್ಲಿ ಇವರು "ಆರಾಮ..." ಎಂದು ಬಾಯಿ ತೆರೆದವರು, ಮಾತು ಮುಗಿಸದೆ ಸೀನಿದರು. ಪೇಡೆಯ ಪೊಟ್ಟಣ ಕೈಯಿಂದ ಹಾರಿ ಒಳಗೆ ಬಿತ್ತು.

ಒಂಟಿ ಸೀನು. ಅದೂ ನೆದರು ತೆಗೆಯುವ ಹೊತ್ತಿಗೆ. ಅದೂ ಅಳಿಯನದು.

"ಅಯ್ಯ ಶಿವನಽ! ಮಾಸ್ತರ, ಇನ್ನೊಂದು ಶೀನರಿ!" ಅಮ್ಮ ಕೂಗಿದಳು. "ಲಗೂ ಶೀನರಿ! ಒಂಟಿ ಬಿಡಬ್ಯಾಡ್ರಿ!"

ಇವರು ಬಾಯಿ ತೆರೆದು ಸೂರು ನೋಡಿದರು. ಬರಲಿಲ್ಲ.

"ಬಿಸಲ ಕಡೆ ನೋಡ್ರಿ, ಬರತೈತಿ!" ಅವ್ವ ಸೆರಗಿನೊಳಗಿನಿಂದ ಸಲಹೆ ಕೊಟ್ಟಳು.

"ಬರವಲ್ದ್ರೀ..." ಎಂದರು ಇವರು. ಅಷ್ಟರಲ್ಲಿ ಕಣ್ಣು ಮೂಗಿನಲ್ಲೆಲ್ಲ ನೀರಿಳಿದು, ಕೆಮ್ಮು ಹತ್ತಿ, ಬಾಗಿಲ ಚೌಕಟ್ಟು ಹಿಡಿದು ಬಗ್ಗಿ ನಿಂತಿದ್ದರು. ಕೆಮ್ಮಿನ ನಡುವೆ ತುಂಡು ತುಂಡಾಗಿ ಹೇಳಿದರು. "ಅಮ್ಮಾರ, ಇದೇನ್ರಿ ಇದು ಘಾಟು! ಪಡಸಾಲಿಗೆ ಕಾಲಿಟ್ಟಾಗಲೇ ಬಡೀತು. ಜೀವಾ ಹೋಗೂ ಘಾಟು!"

ಇಷ್ಟೇ ಇವರು ಆಡಿದ್ದು. ಶುದ್ಧ ಗಾಳಿಯ ಮಾತು ಇದರಲ್ಲಿ ಎಲ್ಲಿದೆಯೋ ನೀವೇ ಹುಡುಕಿ.

ಮದುವೆ ಮನೆಗಳಲ್ಲಿ ನಾನು ಇಲ್ಲಿಗೆ ನಿಲ್ಲಿಸುತ್ತೇನೆ. ಇವರು ಸೀನಿದರು, ಅಮ್ಮನಿಗೆ ಬುದ್ಧಿ ಬಂತು, ಕೂಸು ಉಳಿಯಿತು, ಎಲ್ಲರಿಗೂ ನಗು. ಆದರೆ ಅಮ್ಮನಿಗೆ ಆಗ ಬುದ್ಧಿ ಬರಲಿಲ್ಲ. ಆಕೆಗೆ ಮೊದಲು ಬಂದದ್ದು ಸಿಟ್ಟು.

"ಘಾಟು? ಯಾವ ಘಾಟು? ನಾವು ಮೂರು ಮಂದಿ ಇಲ್ಲಿ ಕುಂತೇವಿ, ಒಬ್ಬಾಕಿಗೂ ಬಂದಿಲ್ಲ. ಗಂಡಸರ ಮೂಗು ನಾಜೂಕು ನೋಡ್ರಿ."

ಇವರು ಆಗಲೇ ಓಡಿಹೋಗಿ ಅಂಗಳದಲ್ಲಿ ಕೆಮ್ಮುತ್ತಿದ್ದರು. ಅಮ್ಮ ಆ ಕೆಮ್ಮನ್ನು ಕೇಳುತ್ತ ಕೂತಳು. ನನ್ನ ಪಕ್ಕದಲ್ಲಿ ಕೂಸು ಕೆಮ್ಮಿತು. ಅಮ್ಮ ಕೂಸಿನ ಕಡೆ ನೋಡಿದಳು, ಬಾಗಿಲ ಕಡೆ ನೋಡಿದಳು. ಇವರ ದೊಡ್ಡ ಕೆಮ್ಮು, ಕೂಸಿನ ಸಣ್ಣ ಕೆಮ್ಮು. ಆಕೆ ಏನನ್ನು ತೂಗಿ ನೋಡಿದಳೋ ನನಗೆ ಗೊತ್ತಿಲ್ಲ. ಅದನ್ನು ತಿಳಿದವಳ ಹಾಗೆ ಬರೆದರೆ ಸುಳ್ಳಾಗುತ್ತದೆ. ಗೊತ್ತಿರುವುದಿಷ್ಟೇ. ಆಕೆ ಮೊಣಕಾಲಿಗೆ ಕೈಯೂರಿ ಎದ್ದಳು. ಪಡಸಾಲೆ ದಾಟಿ, ದನಗಳ ಮುಂದೆ ಹಾದು, ಬೀದಿಬಾಗಿಲಾಚೆಯ ಕಟ್ಟೆಯ ಮೇಲೆ ಹೋಗಿ ಕೂತಳು. ತಲೆಯ ಮೇಲೆ ಸೆರಗಿಲ್ಲ. ಚಳಿಗಾಲದ ಮೂಡುಗಾಳಿ. ಆ ಗಾಳಿಗೆ ಹೆದರಿಯೇ ಅಲ್ಲವೇ ಆಕೆ ಜೀವಮಾನವಿಡೀ ಗೋಣಿತಟ್ಟು ಒತ್ತಿದ್ದು?

ಅವ್ವ ಹಿಂದೆಯೇ ಓಡಿದಳು. "ಅತ್ತಿ, ಗಾಳ್ಯಾಗ ಯಾಕ ಕುಂತ್ರಿ? ಒಳಗ ಬರ್ರಿ."

"ಒಂದು ತಂಬಿಗಿ ನೀರು ತಾ."

ನೀರು ತಂದುಕೊಟ್ಟರೆ ಮುಖ ತೊಳೆದಳಂತೆ, ಮೂಗಿನೊಳಗೂ 'ಸೊರ್' ಎಂದು ಎಳೆದು ಉಗುಳಿದಳಂತೆ. ಆಮೇಲೆ ಬಹಳ ಹೊತ್ತು ಅಲ್ಲೇ ಕೂತಿದ್ದಳಂತೆ. ಓಣಿಯಲ್ಲಿ ಹೋಗುವವರು "ಯಾಕ್ರಿ ಅಮ್ಮಾರ, ಹೊರಗ?" ಎಂದರೆ "ಗಾಳಿ ತಗೊಳ್ಳಾಕತ್ತೇನಿ" ಎಂದಳಂತೆ. ಅಮ್ಮನ ಬಾಯಲ್ಲಿ ಆ ಮಾತು! ಇದನ್ನೆಲ್ಲ ನಾನು ನೋಡಿಲ್ಲ, ಅವ್ವ ಹೇಳಿದ್ದು. ನಾನು ಒಳಗೆ ಹೊಗೆಯಲ್ಲಿ, ಕೂಸಿನ ಉಸಿರು ಕೇಳುತ್ತ ಮಲಗಿದ್ದೆ.

ನಾನು ಕಣ್ಣಾರೆ ಕಂಡದ್ದು ಆಕೆ ತಿರುಗಿ ಬಂದದ್ದನ್ನು. ಹೊಸ್ತಿಲ ಹತ್ತಿರ ಬಂದವಳು ನಿಂತಳು. ಹೊರಗಿನಿಂದ ಬಂದ ಯಾರೋ ನಿಂತ ಹಾಗೆ. ಕೆಮ್ಮಿದಳು. ಅದು ಆಕೆಯ ಎಂದಿನ ಕೆಮ್ಮಲ್ಲ. ಇವರ ಕೆಮ್ಮಿನ ಹಾಗೆ ಹೊಟ್ಟೆಯಿಂದ ಬಂದ, ಹೊಸ ಕೆಮ್ಮು. ಕಣ್ಣಲ್ಲಿ ನೀರು ಬಂತು. ಇವರು ಹಿಡಿದಿದ್ದ ಚೌಕಟ್ಟನ್ನೇ ಹಿಡಿದುಕೊಂಡು ಖೋಲಿಯನ್ನು ಮೇಲಿಂದ ಕೆಳಗೆ ನೋಡಿದಳು. ತಾನು ಆಳಿದ ಖೋಲಿಯನ್ನು ಆಕೆ ಮೊದಲ ಸಲ ನೋಡುತ್ತಿದ್ದಾಳೇನೋ ಅನ್ನಿಸಿತು.

"ಕೂಸಿನ್ನ ತಗೀರಿ ಹೊರಗ," ಎಂದಳು. ಕೂಗಲಿಲ್ಲ. "ಆಕಿನ್ನೂ ಎಬ್ಬಸ್ರಿ. ಮಾಸ್ತರ, ಮಾಳಗಿ ಹತ್ತಿ ಆ ಗಡಿಗಿ ತಗೀರಿ."

ಗಡಿಗೆ ತೆಗೆದು ಇವರು ಮೇಲಿನಿಂದ ಗೋಣಿತಟ್ಟು ಎಳೆದಾಗ ಖೋಲಿಯ ನಡುವೆ ಬಿಸಿಲಿನ ಒಂದು ಕಂಬ ಬಿತ್ತು. ಅದರೊಳಗೆ ಹೊಗೆ ನಿಧಾನಕ್ಕೆ ಹೊರಳಾಡುತ್ತ ಮೇಲೆ ಹೋಯಿತು. ಚೆಂದವಿತ್ತು. ಇಷ್ಟು ದಿನ ನಾವು ಕುಡಿದದ್ದು ಇದನ್ನೇ ಎಂಬುದು ಆ ಬೆಳಕು ಬೀಳುವ ತನಕ ಕಂಡಿರಲಿಲ್ಲ.

ಮಧ್ಯಾಹ್ನದ ಬಸ್ಸು ಹೋಗಿಬಿಟ್ಟಿತ್ತು. ಅಣ್ಣಿಗೇರಿಯ ಡಾಕ್ಟರಲ್ಲಿಗೆ ಹೋಗಲು ಅಪ್ಪ ಸವಾರಿ ಬಂಡಿ ಕಟ್ಟಿಸಿದರು. ಹಸಿ ಬಾಣಂತಿ ಊರ ಗಡಿ ದಾಟಬಾರದೆಂದು ಯಾರೋ ಎಂದಾಗ, "ನಾ ಕರಕೊಂಡು ಹೊಂಟೇನಿ, ಏನಂತಿ?" ಎಂದು ಅಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬಂಡಿ ಹತ್ತಿದಳು. ಎರಡೂ ಕಡೆ ತೆನೆಗಟ್ಟಿದ ಬಿಳಿಜೋಳ. ಕೂಸಿನ ಮುಖದ ಮೇಲಿನ ಕುಂಚಿಗೆಯನ್ನು ಆಕೆಯೇ ಹಿಂದೆ ಸರಿಸಿದಳು. ಆಗಾಗ ಬಗ್ಗಿ ಕೂಸಿನ ಎದೆಗೆ ಕಿವಿ ಹಚ್ಚುತ್ತಿದ್ದಳು.

ಹಾಗೆ ಒಂದು ಸಲ ಬಗ್ಗಿದ್ದವಳು ಏಳುತ್ತ, ಯಾರ ಮುಖವನ್ನೂ ನೋಡದೆ ಅಂದಳು. "ಅವೂ ಅದೇ ಖೋಲ್ಯಾಗ ಇದ್ದವು."

ಹೆಸರಿಡುವ ಮೊದಲೇ ಹೋದ ಆಕೆಯ ಕೂಸುಗಳು.

ಇಲ್ಲಿ ನೀವು ಕೆಮ್ಮಬಹುದು. ಯಾಕೆಂದರೆ ಈ ಮಾತನ್ನು ಅಮ್ಮ ನಿಜವಾಗಿ ಹೇಳಿದಳೋ, ನಾನು ಆಮೇಲೆ ಆಕೆಯ ಬಾಯಲ್ಲಿ ಇಟ್ಟೆನೋ ನನಗೆ ಖಾತ್ರಿಯಿಲ್ಲ. ಇವರನ್ನು ಕೇಳಿದರೆ, "ಬಂಡಿ ಸಪ್ಪಳದಾಗ ನನಗೇನೂ ಕೇಳಸಲಿಲ್ಲ" ಎನ್ನುತ್ತಾರೆ. ಅಷ್ಟು ಸರಿಯಾದ ಮಾತನ್ನು ಜನ ಅಷ್ಟು ಸರಿಯಾದ ಹೊತ್ತಿಗೆ ಆಡುತ್ತಾರೆಯೇ? ಆದರೂ ಅದನ್ನು ತೆಗೆದುಹಾಕಲು ನನ್ನಿಂದ ಆಗುತ್ತಿಲ್ಲ. ತೆಗೆದರೆ ಬಂಡಿಯಲ್ಲಿ ಕೂತ ಅಮ್ಮನ ಮುಖ ನನಗೆ ಅರ್ಥವಾಗುವುದಿಲ್ಲ. ಆ ಮುಖ ಮಾತ್ರ ನಾನು ಕಟ್ಟಿದ್ದಲ್ಲ.

ಅಣ್ಣಿಗೇರಿಯ ಡಾಕ್ಟರು ಸಿಗರೇಟು ಆರಿಸಿ, ಕೂಸಿನ ಎದೆ ಬೆನ್ನು ಕೇಳಿ, ಸೂಜಿ ಮಾಡಿ, ಕಾಗದದ ಪಟ್ಟಿ ಅಂಟಿಸಿದ ಬಾಟಲಿಯಲ್ಲಿ ಕೆಂಪು ಔಷಧ ಕೊಟ್ಟರು. "ಇನ್ನೂ ತಡಾ ಮಾಡಿದ್ರ ಕಷ್ಟ ಇತ್ತು. ಹೊಗ್ಯಾಗ ಇಡಬ್ಯಾಡ್ರಿ," ಎಂದು ಹೇಳಿ ಇನ್ನೊಂದು ಸಿಗರೇಟು ಹಚ್ಚಿದರು. ಅಮ್ಮ ಕೂಸನ್ನು ಎತ್ತಿಕೊಂಡು ಸರ್ರನೆ ಹೊರಗೆ ನಡೆದಳು. "ಊರಿಗೆಲ್ಲಾ ಬುದ್ಧಿ ಹೇಳತಾನ, ತನ್ನ ಬಾಯಾಗ ಒಲಿ ಇಟಗೊಂಡಾನ," ಎಂದು ಬಾಗಿಲಲ್ಲಿಯೇ ಅಂದಳು. ಡಾಕ್ಟರಿಗೆ ಕೇಳಿಸಿತು.

ಕೂಸು ಉಳಿಯಿತು. ಔಷಧದಿಂದಲೋ, ಗಾಳಿಯಿಂದಲೋ, ಎರಡರಿಂದಲೋ ನಾನು ಹೇಳಲಾರೆ. ಊರಿಗೆ ಬಂದ ಮೇಲೆ ತೊಟ್ಟಿಲು ಪಡಸಾಲೆಗೆ ಬಂತು. ಅಗ್ಗಿಷ್ಟಿಕೆ ಅಂಗಳಕ್ಕೆ ಹೋಯಿತು. ಕೆಂಡ ಚೆನ್ನಾಗಿ ಹೊತ್ತಿ ಹೊಗೆಯಾಡುವುದು ನಿಂತ ಮೇಲಷ್ಟೇ, ನನ್ನ ಬೆನ್ನು ಕಾಸಲೆಂದು ಒಂದಿಷ್ಟು ಹೊತ್ತು ಒಳಗೆ. ಚಿಮಣಿ ದೀಪವನ್ನು ತೊಟ್ಟಿಲಿನಿಂದ ದೂರದ ಗೂಡಿಗೆ ಸಾಗಿಸಿದರು. ಮೆಣಸಿನಕಾಯಿ ಖೋಲಿಯ ಬಾಗಿಲ ಸಂದಿಗೆ ಅಮ್ಮ ಅದೇ ಗೋಣಿತಟ್ಟು ತುರುಕಿದಳು.

ನೆದರು ತೆಗೆಯುವುದನ್ನು ಆಕೆ ಬಿಟ್ಟಳೆಂದು ನೀವು ತಿಳಿದಿದ್ದರೆ ಆಕೆಯನ್ನು ನೀವು ಕಂಡಿಲ್ಲ. ತೆಗೆಯುತ್ತಿದ್ದಳು, ಆದರೆ ಬೀದಿಯಲ್ಲಿ. ಕೂಸಿಗೆ ಇಳಿಸಿದ ಮೆಣಸಿನಕಾಯಿಯನ್ನು ಮುಷ್ಟಿಯಲ್ಲಿ ಒಯ್ದು ತಿಪ್ಪೆಯ ಹತ್ತಿರ ಒಂದು ಕುಳ್ಳಿನ ಕೆಂಡಕ್ಕೆ ಹಾಕುವುದು. ತನ್ನ ಮೂಗಿನ ಮೇಲೂ ಸೊಸೆಯ ಮೂಗಿನ ಮೇಲೂ ಆಕೆಗೆ ವಿಶ್ವಾಸ ಹೋಗಿತ್ತು. ಅದಕ್ಕೇ ಹಾದಿಯಲ್ಲಿ ಹೋಗುವವರನ್ನು ಹಿಡಿದು ನಿಲ್ಲಿಸುತ್ತಿದ್ದಳು.

"ಏ ಬಸವಣ್ಣಿ, ನಿಂದರು. ಘಾಟು ಬಂತೇನು?"

"ಏನ್ರಿ ಅಮ್ಮಾರ, ಹೊಲಕ್ಕ ಹೊಂಟೀನಿ..."

"ಹೊಲಾ ಎಲ್ಲೂ ಓಡಿ ಹೋಗೂದಿಲ್ಲ. ಮೂಗು ಎಳದು ನೋಡು."

ಅವನು ಎಳೆಯುತ್ತಿದ್ದ. ಕೆಮ್ಮುತ್ತಿದ್ದ. ಕೆಲವರು ಘಾಟು ಬಂದಿರದಿದ್ದರೂ, ಲಗೂ ಹೋಗಬೇಕೆಂದು ಕೆಮ್ಮಿ ತೋರಿಸುತ್ತಿದ್ದರು. ಹೀಗಾಗಿ ಆಮೇಲೆ ನನ್ನ ಮಗಳಿಗೆ ಒಂದೇ ಒಂದು ಸಲವೂ ನೆದರು ಆಗಲಿಲ್ಲ. ಅಮ್ಮನಿಗೆ ಇದರಿಂದ ಬಹಳ ಸಮಾಧಾನ. "ನಮ್ಮ ಊರ ಮಂದಿ ಕಣ್ಣು ಒಳ್ಳೇವು," ಎಂದಳು. ಹಿಂದಿನ ಓಣಿಯಾಕೆಯನ್ನು ಕರೆದು ಪೇಡೆಯನ್ನೂ ಕೊಟ್ಟಳು.

ಇಷ್ಟನ್ನು ಮಧ್ಯಾಹ್ನದ ತನಕ ಬರೆದು, ಊಟ ಮಾಡಿ, ಇನ್ನೇನು ಮುಗಿಯಿತು ಎಂದುಕೊಂಡಿದ್ದೆ. ನೀಲಾ ಬಂದಳು. ಆ ಕೂಸು ನೀಲಾ. ಈಗ ತಲೆಯಲ್ಲಿ ಬಿಳಿ ಕೂದಲು, ಹುಬ್ಬಳ್ಳಿಯಲ್ಲಿ ಮನೆ. ಬಂದವಳು ಚಪ್ಪಲಿ ಬಿಡುವ ಮೊದಲೇ ಕೆಮ್ಮಿ, "ಏನವ್ವಾ, ಮನಿ ತುಂಬ ಖಾರ! ನಿನಗೇನೂ ಅನಸೂದಿಲ್ಲೇನು?" ಎನ್ನುತ್ತ ಎಲ್ಲ ಕಿಟಕಿ ತೆರೆದಳು. ಚಳಿಗಾಲದಲ್ಲಿ ಅವಳ ಎದೆಯಲ್ಲಿ ಒಂದು ಸಣ್ಣ ಸೀಟಿ ಇರುತ್ತದೆ. ಎಳವೆಯಿಂದಲೂ ಇದೆ. ಹಾಂ, ಇದನ್ನೂ ನಾನು ಮದುವೆ ಮನೆಗಳಲ್ಲಿ ಹೇಳುವುದಿಲ್ಲ.

ಬರೆದದ್ದನ್ನು ಅವಳಿಗೆ ಓದಿ ಹೇಳಿದೆ. ಅಪ್ಪನ ಸೀನಿಗೆ ನಕ್ಕಳು. ಬಂಡಿಯ ಮಾತು ಬಂದಾಗ ಹತ್ತಿರ ಸರಿದು ಕೂತಳು. ಮುಗಿದ ಮೇಲೆ ಕೇಳಿದಳು.

"ಎಲ್ಲಾರೂ ನನ್ನ ಎದಿ ನೋಡಿದ್ರಿ. ನೀನೂ ಆ ಖೋಲ್ಯಾಗ ಇದ್ದೆಲ್ಲಾ. ನಿನ್ನ ಎದಿ ಯಾರು ನೋಡಿದರು?"

"ನನಗೇನಾಗಿತ್ತು?"

"ಅದನ್ನ ನಾ ಕೇಳಾಕತ್ತೇನಿ."

ಆ ಡಾಕ್ಟರು ನನ್ನ ಎದೆಗೆ ಕೊಳವೆ ಹಚ್ಚಿರಲಿಲ್ಲ. ಹಚ್ಚಲು ನಾನು ಕೇಳಿರಲಿಲ್ಲ. ಅಮ್ಮನದನ್ನು ಕೇಳುವ ಮಾತೇ ಇಲ್ಲ, ಆಕೆಯ ಕೆಮ್ಮು ನಮಗೆ ಆಕೆಯ ಗುರುತಾಗಿತ್ತು. ಇಷ್ಟು ವರ್ಷ ಎಷ್ಟೋ ಮಂದಿಗೆ ಈ ಕಥೆ ಹೇಳಿದ್ದೇನೆ, ಇವತ್ತು ಒರಟಾಗಿ ಹೇಳುತ್ತೇನೆಂದು ಹಟ ಹಿಡಿದೂ ಬರೆದಿದ್ದೇನೆ. ಆ ಖೋಲಿಯಲ್ಲಿ ಉಸಿರಾಡುತ್ತಿದ್ದದ್ದು ಒಂದು ಕೂಸು ಮಾತ್ರ ಎಂಬಂತೆಯೇ ಬರೆದಿದ್ದೇನೆ.

"ಆಕಡೆ ತಿರುಗು," ಎಂದಳು ನೀಲಾ. ನಾನು ಬ್ಯಾಡ ಬ್ಯಾಡ ಎನ್ನುತ್ತಿದ್ದಂತೆ ನನ್ನ ಹಿಂದೆ ಬಂದು ಕೂತು, ಸೀರೆಯ ಮೇಲಿನಿಂದಲೇ ಬೆನ್ನಿಗೆ ಕಿವಿ ಹಚ್ಚಿದಳು. ಅವಳ ಕಿವಿ ತಣ್ಣಗಿತ್ತು.

"ಉಸರು ತಗೋ."

ತಗೊಂಡೆ.

"ಇನ್ನೊಮ್ಮೆ. ಜೋರಾಗಿ." ಸ್ವಲ್ಪ ಹೊತ್ತು ಕೇಳಿದಳು. "ಸೀಟಿ ಐತಿ. ತಡಿ, ಇದು ನಿಂದೋ ನಂದೋ ತಿಳೀವಲ್ದು. ನಾ ಉಸರು ಹಿಡಕೋತೇನಿ, ನೀ ಬಿಡು."

ಹೊರಗೆ ಇವರು ಪೇಪರು ಓದುವುದನ್ನು ನಿಲ್ಲಿಸಿದ್ದು ಕೇಳಿಸಿತು. ನನ್ನ ಬೆನ್ನಿನ ಮೇಲೆ ಅವಳ ಉಸಿರು ನಿಂತಿತು. ತೆರೆದ ಕಿಟಕಿಯ ಕಡೆ ಮುಖ ಮಾಡಿ ನಾನು ನನ್ನದನ್ನು ನಿಧಾನಕ್ಕೆ ಬಿಟ್ಟೆ, ಅವಳಿಗೆ ಕೇಳಲೆಂದು.